ಮೆಂಫಿಸಿನಲ್ಲಿ ಡಸ್ಟಿ: ಒಂದು ಧ್ವನಿಮುದ್ರಿಕೆಯ ರಚನೆಯೂ ಅದರ ಸ್ವೀಕಾರವೂ

೧. ಉಪಕ್ರಮ

ತಾಮ್ರಶಾಸನಗಳನ್ನು ಪರಿಶೀಲಿಸುವವರಿಗೆ ಒಂದು ಸಂಗತಿಯು ಸುಪರಿಚಿತವಾದುದು. ದಾನವು ಇಂಥ ಬೀಡಿನಿಂದ ಹೊರಟಿತೆಂದು ಶಾಸನವು ಹೇಳಿದ ಮಾತ್ರಕ್ಕೆ ಅದರ ಅಕ್ಷರಗಳೂ ಅಲ್ಲಿಯೇ ಕೆತ್ತಲ್ಪಟ್ಟವೆಂದು ನಿರ್ಣಯಿಸಲಾಗದು. ಹೆಸರಿಸಿದ ಸ್ಥಳವೊಂದು, ಕೆಲಸ ನಡೆದ ಸ್ಥಳ ಮತ್ತೊಂದು ಆಗಿರಬಹುದು. ಈ ವಿವೇಕವು ಪ್ರಾಚೀನ ಲೇಖಗಳಿಗೆ ಮಾತ್ರವಲ್ಲದೆ ಇತ್ತೀಚಿನ ಕಾಲದ ಕೃತಿಗಳಿಗೂ ಅವಶ್ಯಕವಾಗಿದೆ. ೧೯೬೯ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಂಸ್ಥೆಯು ‘ಡಸ್ಟಿ ಇನ್ ಮೆಂಫಿಸ್’ ಎಂಬ ಹೆಸರಿನ ಧ್ವನಿಮುದ್ರಿಕೆಯೊಂದನ್ನು ಹೊರತಂದಿತು. ಆಂಗ್ಲ ಗಾಯಕಿ ಡಸ್ಟಿ ಸ್ಪ್ರಿಂಗ್‌ಫೀಲ್ಡ್ ಇದರಲ್ಲಿ ೧೧ ಗೀತಗಳನ್ನು ಹಾಡಿರುವಳು. ಹೆಸರನ್ನು ನೋಡಿದವರು ಆಕೆ ಮೆಂಫಿಸ್ ನಗರದಲ್ಲಿ ನಿಂತು ಇವುಗಳನ್ನು ಹಾಡಿದಳೆಂದೇ ತಿಳಿಯುವರು. ವಾಸ್ತವವಾಗಿ ಈ ಮುದ್ರಿಕೆಯಲ್ಲಿ ಕೇಳಿಬರುವ ಆಕೆಯ ಕಂಠವು ನ್ಯೂಯಾರ್ಕಿನಲ್ಲಿ ಗ್ರಹಿಸಲ್ಪಟ್ಟುದು.

ಹಾಗಾದರೆ ಮೆಂಫಿಸಿನಲ್ಲಿ ನಡೆದುದೇನು? ಅಲ್ಲಿ ಗಾಯಕಿಯು ಏಕೆ ಹಾಡಲಿಲ್ಲ? ಹೊರಬಂದಾಗ ಹೆಚ್ಚಾಗಿ ಮಾರಾಟವಾಗದಿದ್ದ ಕೃತಿಯು ಮುಂದೆ ಶ್ರೇಷ್ಠಕೃತಿಗಳ ಪಂಕ್ತಿಯಲ್ಲಿ ಸೇರಿದುದು ಹೇಗೆ? ಈ ಪ್ರಶ್ನೆಗಳಲ್ಲಿ ಎರಡನೆಯದಕ್ಕೆ ಸಾಮಾನ್ಯವಾಗಿ ಕೊಡಲ್ಪಡುವ ಉತ್ತರವು, ಆಕೆ ಅಳುಕಿದಳು ಎಂಬುದು. ಆ ಉತ್ತರವು ಎಷ್ಟರಮಟ್ಟಿಗೆ ನ್ಯಾಯವಾದುದೆಂಬುದೇ ಪ್ರಕೃತ ವಿಚಾರ.

೨. ಗಾಯಕಿಯ ಪೂರ್ವವೃತ್ತ

ಡಸ್ಟಿ ಎಂಬುದು ಆಕೆಯ ಜನ್ಮನಾಮವಲ್ಲ. ೧೯೩೯ನೆಯ ಏಪ್ರಿಲ್ ೧೬ರಂದು ಲಂಡನ್ನಿನಲ್ಲಿ ಐರಿಷ್ ಮೂಲದ ಕುಟುಂಬದಲ್ಲಿ ಹುಟ್ಟಿದ ಆಕೆಗೆ ತಂದೆತಾಯಿಗಳಿಟ್ಟ ಹೆಸರು ಮೇರಿ ಓಬ್ರಿಯನ್. ಅಣ್ಣನೊಡಗೂಡಿ ‘ಸ್ಪ್ರಿಂಗ್‌ಫೀಲ್ಡ್ಸ್’ ಎಂಬ ಮೂವರ ಮೇಳದಲ್ಲಿ ಜಾನಪದರೀತಿಯ ಹಾಡುಗಳನ್ನು ಹಾಡುತ್ತ ಆಕೆ ಪ್ರಸಿದ್ಧಿಗೆ ಬಂದಳು. ಈ ಮೇಳವು ಅಮೆರಿಕಕ್ಕೆ ಹೋಗಿದ್ದಾಗ ನ್ಯೂಯಾರ್ಕಿನಲ್ಲಿ ಕಪ್ಪು ಜನಾಂಗದ ಯುವಗಾಯಕರ ತಟ್ಟೆಯೊಂದನ್ನು ಕೇಳಿ ಆಕೆಯ ಮನಸ್ಸು ತಿರುಗಿತು. ೧೯೬೩ರಲ್ಲಿ ಮೇಳವು ಮುರಿದು ಆಕೆ ಒಂಟಿಯಾಗಿ ಹಾಡತೊಡಗಿದಳು.

ಇಲ್ಲಿ ‘ಸೋಲ್’ ಎಂಬ ಪದವನ್ನು ವಿವರಿಸಬೇಕು. ಅಮೆರಿಕದ ಕಪ್ಪು ಜನರು ತಮ್ಮ ಚರ್ಚುಗಳಲ್ಲಿ ದೇವರನ್ನು ಕುರಿತು ಹಾಡುತ್ತಿದ್ದ ರೀತಿಯನ್ನು, ಅದರ ಕರೆ-ಮರುದನಿ, ಸ್ವರದ ತುಯ್ತ, ಮೊರೆ ಇವುಗಳೊಡನೆ, ಲೌಕಿಕ ಪ್ರೇಮದ ಹಾಡುಗಳಿಗೆ ತಂದಾಗ ಹುಟ್ಟಿದ ಸಂಗೀತಕ್ಕೆ ಈ ಹೆಸರು ಬಂದಿತು. ‘ಪಾಪ್’ ಎಂಬುದು ಜನಪ್ರಿಯ ಲಘುಸಂಗೀತಕ್ಕೆ ಇರುವ ಸಾಮಾನ್ಯನಾಮ. ಡಸ್ಟಿಯು ಪಾಪ್ ಗಾಯಕಿಯಾಗಿದ್ದು ಸೋಲ್ ಸಂಗೀತವನ್ನು ಗುರುಭಾವದಿಂದ ಕಂಡವಳು. ೧೯೬೫ರಲ್ಲಿ ಬ್ರಿಟಿಷ್ ದೂರದರ್ಶನದಲ್ಲಿ ಡೆಟ್ರಾಯಿಟಿನ ಮೋಟೌನ್ ಸಂಸ್ಥೆಯ ಕಪ್ಪು ಕಲಾವಿದರನ್ನು ಪರಿಚಯಿಸಿದ ವಿಶೇಷ ಕಾರ್ಯಕ್ರಮವನ್ನು ನಡೆಸಿಕೊಟ್ಟವಳು ಈಕೆಯೇ. ಅದಕ್ಕೆ ಮುಂಚೆ, ೧೯೬೪ರ ಡಿಸೆಂಬರಿನಲ್ಲಿ, ದಕ್ಷಿಣ ಆಫ್ರಿಕಕ್ಕೆ ಹೋಗಿದ್ದಾಗ ವರ್ಣಭೇದದಿಂದ ವಿಂಗಡಿಸಿದ ಸಭೆಗಳಲ್ಲಿ ತಾನು ಹಾಡುವುದಿಲ್ಲವೆಂದು ಕರಾರುಮಾಡಿಕೊಂಡಿದ್ದಳು. ಕೇಪ್‌ಟೌನಿನ ಬಳಿ ಬೆರಕೆಯ ಸಭೆಯ ಮುಂದೆ ಹಾಡಿದುದಕ್ಕಾಗಿ ಅಲ್ಲಿನ ಸರ್ಕಾರವು ಆಕೆಯನ್ನು ದೇಶದಿಂದ ಹೊರಡಿಸಿತು. ಈ ಸಂಗತಿಯು ಮುಂದಿನ ವಿಚಾರಕ್ಕೆ ಬೇಕಾಗುವುದರಿಂದ ನೆನಪಿನಲ್ಲಿಡತಕ್ಕುದು.

ಲಂಡನ್ನಿನಲ್ಲಿ ಆಕೆಯ ತಟ್ಟೆಗಳನ್ನು ಫಿಲಿಪ್ಸ್ ಸಂಸ್ಥೆಯು ಹೊರತರುತ್ತಿದ್ದಿತು. ಅವುಗಳ ಮೇಲೆ ನಿರ್ಮಾಪಕನೆಂದು ಜಾನಿ ಫ್ರಾಂಜ್ ಎಂಬಾತನ ಹೆಸರಿದ್ದರೂ, ವಾದ್ಯಗಳ ಧ್ವನಿ ಹೇಗಿರಬೇಕು, ತಾಳದ ಬಿಗಿ ಎಷ್ಟಿರಬೇಕು ಎಂಬುದನ್ನು ಬಹುಮಟ್ಟಿಗೆ ಗಾಯಕಿಯೇ ನಿರ್ಧರಿಸುತ್ತಿದ್ದಳೆಂಬುದು ಇಂದು ಎಲ್ಲರೂ ಒಪ್ಪಿದ ವಿಷಯ. ಸ್ಟುಡಿಯೋವಿನ ಕೊಠಡಿಯಲ್ಲಿ ತನಗೆ ಬೇಕಾದ ಅನುರಣನವು ದೊರೆಯದಿದ್ದಾಗ ಆಕೆ ಬೇರೆ ಜಾಗವನ್ನು ಹುಡುಕುವಳು. ೧೯೬೬ರಲ್ಲಿ ಬ್ರಿಟನ್ನಿನ ಶ್ರೇಣಿಪಟ್ಟಿಯಲ್ಲಿ ಪ್ರಥಮಸ್ಥಾನಕ್ಕೇರಿದ ‘ಯು ಡೋಂಟ್ ಹ್ಯಾವ್ ಟು ಸೇ ಯು ಲವ್ ಮಿ’ ಎಂಬ ಗೀತವನ್ನು ಆಕೆ ಮಾಳಿಗೆಯ ಮೆಟ್ಟಿಲುಗಳ ನಡುವೆ ನಿಂತು, ಸಮಾಧಾನವಾಗುವವರೆಗೆ ಮತ್ತೆಮತ್ತೆ ಹಾಡಿದಳು. ಮೊದಲು ವಾದ್ಯಮೇಳವು ಸಂಪೂರ್ಣವಾಗಿ ಸಿದ್ಧವಾಗಬೇಕು, ಆಮೇಲೆ ಅದನ್ನು ಕಿವಿಯಲ್ಲಿ ತುಂಬಿಕೊಂಡು ಕಂಠವು ಸೇರಬೇಕು: ಇದು ಆಕೆಯ ಅಭ್ಯಾಸವಾಗಿದ್ದಿತು.

೩. ಮೆಂಫಿಸ್ ನಗರ ಮತ್ತು ಅಲ್ಲಿನ ವಾದ್ಯಗಾರರು

೧೯೬೮ರಲ್ಲಿ ಡಸ್ಟಿಯು ಅಮೆರಿಕದ ಮಟ್ಟಿಗೆ ಅಟ್ಲಾಂಟಿಕ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡಳು. ಅಲ್ಲಿ ಆಕೆಯ ಕೆಲಸವನ್ನು ವಹಿಸಿಕೊಂಡವರು ಮೂವರು. ಮೊದಲನೆಯವನು ಜೆರಿ ವೆಕ್ಸ್ಲರ್. ಈತನು ಪತ್ರಿಕೋದ್ಯೋಗಿಯಾಗಿದ್ದಾಗ, ಕಪ್ಪು ಜನರ ಸಂಗೀತಕ್ಕೆ ‘ಜನಾಂಗದ ತಟ್ಟೆಗಳು’ ಎಂದಿದ್ದ ವಾಣಿಜ್ಯನಾಮವನ್ನು ತೆಗೆದು ‘ರಿದಂ ಅಂಡ್ ಬ್ಲೂಸ್’ ಎಂಬ ಹೆಸರನ್ನು ೧೯೪೯ರಲ್ಲಿ ಬಳಕೆಗೆ ತಂದವನು. ಎರಡನೆಯವನಾದ ಟಾಮ್ ಡೌಡ್ ಧ್ವನಿಗ್ರಹಣದ ಎಂಜಿನಿಯರ್. ಒಂದೇ ಟೇಪಿನಲ್ಲಿ ಎಂಟು ಪಥಗಳನ್ನು ಬೇರೆಬೇರೆಯಾಗಿ ತುಂಬುವ ಯಂತ್ರವನ್ನು ಬಹು ಮುಂಚೆಯೇ ಬಳಕೆಗೆ ತಂದವರಲ್ಲಿ ಈತನೊಬ್ಬ. ಮೂರನೆಯವನು ಇಸ್ತಾಂಬುಲ್ ನಗರದಲ್ಲಿ ಹುಟ್ಟಿದ ವಾದ್ಯಸಂಯೋಜಕ ಆರಿಫ್ ಮಾರ್ಡಿನ್.

ಟೆನೆಸಿ ರಾಜ್ಯದಲ್ಲಿ ಮಿಸಿಸಿಪಿ ನದಿಯ ದಡದಲ್ಲಿರುವ ಮೆಂಫಿಸ್ ಅಂದು ಶೋಕದ ನಗರವಾಗಿದ್ದಿತು. ೧೯೬೮ರ ಫೆಬ್ರವರಿಯಲ್ಲಿ ಅಲ್ಲಿನ ಪೌರಕಾರ್ಮಿಕರು ಮುಷ್ಕರ ಹೂಡಿದ್ದರು. ಅವರಿಗೆ ಬೆಂಬಲ ಕೊಡಲು ಬಂದಿದ್ದ ಮಾರ್ಟಿನ್ ಲೂಥರ್ ಕಿಂಗ್ ಏಪ್ರಿಲ್ ೪ರಂದು ಅಲ್ಲಿಯೇ ಗುಂಡಿಗೆ ಬಲಿಯಾದನು. ಇದಾದ ಐದು ತಿಂಗಳಿಗೆ, ಸೆಪ್ಟೆಂಬರಿನಲ್ಲಿ, ಡಸ್ಟಿಯೂ ಮೂವರು ನಿರ್ಮಾಪಕರೂ ಚಿಪ್ಸ್ ಮೋಮನ್ ಎಂಬಾತನು ನಡೆಸುತ್ತಿದ್ದ ‘ಅಮೆರಿಕನ್ ಸೌಂಡ್’ ಸ್ಟುಡಿಯೋಗೆ ಬಂದಿಳಿದರು. ಗಿಟಾರಿನ ರೆಜಿ ಯಂಗ್, ಬೇಸ್ ಗಿಟಾರಿನ ಟಾಮಿ ಕಾಗ್‌ಬಿಲ್, ಡ್ರಮ್ ಬಾರಿಸುವ ಜೀನ್ ಕ್ರಿಸ್ಮನ್, ಆರ್ಗನ್ ಮತ್ತು ಪಿಯಾನೋಗಳಲ್ಲಿ ಬಾಬಿ ಎಮನ್ಸ್ ಹಾಗೂ ಬಾಬಿ ವುಡ್, ಇವರೇ ಅಲ್ಲಿನ ಮುಖ್ಯ ವಾದ್ಯಗಾರರು. ಇವರು ಬಿಳಿಯರು, ಆದರೆ ವಿಲ್ಸನ್ ಪಿಕೆಟ್ ಮೊದಲಾದ ಕಪ್ಪು ಗಾಯಕರಿಗೆ ನುಡಿಸಿ ಆ ಸಂಗೀತದ ಮರ್ಮವನ್ನು ಅರಿತವರು.

ಇವರ ಕಾರ್ಯಪದ್ಧತಿಯು ಲಂಡನ್ನಿನದಕ್ಕಿಂತ ಭಿನ್ನವಾಗಿದ್ದಿತು. ಲಂಡನ್ನಿನಲ್ಲಿ ಸಂಯೋಜಕನು ಮೊದಲೇ ಬರೆದು ತಂದ ಸ್ವರಲಿಪಿಯನ್ನು ದೊಡ್ಡ ವಾದ್ಯವೃಂದವು ನೋಡಿ ನುಡಿಸುವುದು. ಮೆಂಫಿಸಿನಲ್ಲಿ ಗೀತದ ಮಾದರಿಯೊಂದನ್ನು ಕೇಳಿ, ಸ್ವರಾನುಕ್ರಮದ ಚೀಟಿಯೊಂದನ್ನು ಮುಂದಿಟ್ಟುಕೊಂಡು, ಐದಾರು ಜನರು ಕುಳಿತಲ್ಲಿಯೇ ವಾದನವನ್ನು ಹೊಸದಾಗಿ ಕಟ್ಟುವರು. ಇಂಥ ಪದ್ಧತಿಯಲ್ಲಿ ಗಾಯಕನು ಜೊತೆಯಲ್ಲಿ ಹಾಡುತ್ತಿದ್ದರೆ ವಾದ್ಯಗಾರರಿಗೆ ದಾರಿ ತೋರುವುದು. ಪಿಕೆಟ್‌ನಂಥವರಿಗೆ ಇದು ಸಹಜವಾಗಿದ್ದಿತು. ಡಸ್ಟಿಗೆ ಇದು ಸಂಪೂರ್ಣವಾಗಿ ಹೊಸದು. ಮನೆಯ ಗೋಡೆಯೇಳುವ ಮೊದಲೇ ಚಿತ್ತಾರ ಬರೆಯಬೇಕೆಂದು ಕೇಳಿದಂತಾಯಿತು.

೪. ಸಾಕ್ಷ್ಯಗಳ ವಿಮರ್ಶೆ

ಮೆಂಫಿಸಿನ ವೃತ್ತಾಂತಕ್ಕೆ ಮುಖ್ಯವಾದ ಸಾಕ್ಷಿಗಳು ಇಬ್ಬರು. ಒಬ್ಬನು ವೆಕ್ಸ್ಲರ್. ತನ್ನ ಮನೆಗೆ ಬಂದ ಗಾಯಕಿಗೆ ಸುಮಾರು ೮೦ ಗೀತಗಳ ಮಾದರಿಗಳನ್ನು ಕೇಳಿಸಿದರೂ ಆಕೆ ಒಂದನ್ನೂ ಒಪ್ಪಲಿಲ್ಲವೆಂದೂ, ಕೆಲವು ತಿಂಗಳ ಮೇಲೆ ಅವುಗಳೊಳಗಿಂದಲೇ ಆಯ್ದ ಕೆಲವನ್ನು ಕೇಳಿಸಲು ಮೆಚ್ಚಿದಳೆಂದೂ, ಮೆಂಫಿಸಿನಲ್ಲಿ ಆಕೆಯ ಬಾಯಿಂದ ಒಂದು ಸ್ವರವನ್ನೂ ಹೊರಡಿಸಲಾಗಲಿಲ್ಲವೆಂದೂ, ನ್ಯೂಯಾರ್ಕಿನಲ್ಲಿ ಹಾಡುವಾಗಲೂ ಹೆಡ್‌ಫೋನಿನಲ್ಲಿ ವಾದ್ಯಘೋಷವನ್ನು ಕಿವಿ ನೋಯುವಷ್ಟು ಏರಿಸಿಕೊಂಡು ತನ್ನ ಧ್ವನಿ ತನಗೇ ಕೇಳದಂತೆ ಮಾಡಿಕೊಳ್ಳುತ್ತಿದ್ದಳೆಂದೂ ಆತನು ಹೇಳಿರುವನು. ಆಕೆ ತನ್ನ ಶಕ್ತಿಯಲ್ಲಿ ತಾನೇ ನಂಬಿಕೆಯಿಲ್ಲದವಳೆಂಬುದು ಆತನ ತೀರ್ಪು.

ಇನ್ನೊಂದು ಸಾಕ್ಷ್ಯವು ಗಾಯಕಿಯದೇ. ಪಿಕೆಟ್ ನಿಂತು ಹಾಡಿದ ಜಾಗವು ಇದೇ ಎಂದು ಯಾರೋ ತೋರಿಸಿದಾಗ ತನ್ನ ಕಂಠ ಕಟ್ಟಿತೆಂದು ಆಕೆ ಒಪ್ಪಿಕೊಂಡಿರುವಳು. ಅರೀತಾ ಫ್ರ್ಯಾಂಕ್ಲಿನ್ನಳ ಹೆಸರನ್ನು ಮುಂದಿಟ್ಟು ಮಾತನಾಡುವುದು ಗಾಯಕಿಯನ್ನು ಎಷ್ಟು ಕುಗ್ಗಿಸುವುದೆಂಬುದನ್ನು ನಿರ್ಮಾಪಕರು ತಿಳಿಯರೆಂದೂ ಆಕೆ ಹೇಳಿದಳು. ಇಷ್ಟಲ್ಲದೆ ಇನ್ನೊಂದು ಮಾತನ್ನೂ ಆಕೆ ಆಡಿರುವಳು. ಅದೇ ಇಲ್ಲಿ ಹೆಚ್ಚು ಬೆಲೆಯುಳ್ಳದ್ದು. ತಾನು ಗುಡುಗುವ ಡ್ರಮ್ಮುಗಳ, ತುಂಬಿ ಮೊರೆಯುವ ವಾದ್ಯವೃಂದದ ಶಾಲೆಯಿಂದ ಬಂದವಳು. ವಾದನದಲ್ಲಿ ಎಡೆಬಿಡುವುದರ ಅರ್ಥವು ತನಗೆ ಆಗ ತಿಳಿಯಲಿಲ್ಲ. ಎಲ್ಲ ಎಡೆಗಳನ್ನೂ ತುಂಬಬೇಕೆಂದೇ ತನಗೆ ತೋರುತ್ತಿದ್ದಿತು. ಆ ಬಯಲೇ ಕೃತಿಗೆ ವಾತಾವರಣವನ್ನು ಕೊಟ್ಟಿತೆಂಬುದು ಆಮೇಲೆ ತಿಳಿಯಿತು ಎಂಬುದು ಅದರ ತಾತ್ಪರ್ಯ.

ಈ ಎರಡು ಸಾಕ್ಷ್ಯಗಳಲ್ಲಿ ನಡೆದ ಸಂಗತಿಯ ಬಗೆಗೆ ವಿರೋಧವಿಲ್ಲ. ಕಾರಣದ ಬಗೆಗೆ ಮಾತ್ರ ಭೇದವುಂಟು. ವೆಕ್ಸ್ಲರನ ಆತ್ಮಚರಿತ್ರೆಯು ಪ್ರಕಟವಾದುದು ೧೯೯೩ರಲ್ಲಿ, ಎಂದರೆ ಸುಮಾರು ೨೫ ವರ್ಷಗಳ ತರುವಾಯ. ಅಷ್ಟರಲ್ಲಿ ಈ ಕೃತಿಯ ಕೀರ್ತಿಯು ಬೆಳೆದಿದ್ದುದರಿಂದ, ಹಠಹಿಡಿದ ಗಾಯಕಿಯಿಂದ ರತ್ನವನ್ನು ಹೊರತೆಗೆದ ನಿರ್ಮಾಪಕನ ಕಥೆಯು ಹೇಳಲೂ ಕೇಳಲೂ ಸೊಗಸಾಗಿದ್ದಿತು. ಆತನು ಸುಳ್ಳುಹೇಳಿದನೆಂದು ಇದರ ಅರ್ಥವಲ್ಲ. ಆದರೆ ಕಾರ್ಯವನ್ನು ನಡೆಸಿದವನು ವಿಳಂಬದ ಕಾರಣವನ್ನು ಇನ್ನೊಬ್ಬರಲ್ಲಿ ಕಾಣುವುದು ಲೋಕಸಹಜ.

ಅಳುಕೇ ಕಾರಣವೆಂಬ ಪಕ್ಷಕ್ಕೆ ಮೂರು ಆಕ್ಷೇಪಗಳಿವೆ. ಮೊದಲನೆಯದಾಗಿ, ಒಂದು ಸರ್ಕಾರದ ಕಟ್ಟಳೆಯನ್ನು ಎದುರಿಸಿ ಗಡೀಪಾರಾದವಳನ್ನು ಸ್ವಭಾವತಃ ಅಂಜುಬುರುಕಿಯೆನ್ನುವುದು ಹೊಂದದು. ಪಿಕೆಟ್ ನಿಂತ ಜಾಗದಲ್ಲಿ ಕಂಠ ಕಟ್ಟಿದುದು ಪರಂಪರೆಯೊಂದರ ಮುಂದೆ ಹೊರಗಿನವಳಿಗೆ ಉಂಟಾದ ಗೌರವಪೂರ್ವಕವಾದ ಸಂಕೋಚ. ಎರಡನೆಯದಾಗಿ, ಗೀತಗಳನ್ನು ತಳ್ಳಿಹಾಕಿದುದು, ವಾದನವು ಪೂರ್ಣವಾಗುವವರೆಗೆ ಹಾಡದೆ ಇದ್ದುದು, ಹೆಡ್‌ಫೋನಿನ ಧ್ವನಿಯನ್ನು ಏರಿಸಿಕೊಂಡುದು ಇವೆಲ್ಲವೂ ಲಂಡನ್ನಿನಲ್ಲಿ ತನ್ನ ತಟ್ಟೆಗಳನ್ನು ತಾನೇ ರೂಪಿಸುತ್ತಿದ್ದವಳ ಕ್ರಮಕ್ಕೆ ಅನುಗುಣವಾಗಿಯೇ ಇವೆ. ಅಲ್ಲಿ ಕಾರ್ಯಕೌಶಲವೆನಿಸಿದುದು ಇಲ್ಲಿ ಭೀತಿಯೆನಿಸಿತು. ವ್ಯತ್ಯಾಸವುಂಟಾದುದು ಆಕೆಯಲ್ಲಿ ಅಲ್ಲ, ಅಧಿಕಾರವು ಯಾರ ಕೈಯಲ್ಲಿದ್ದಿತು ಎಂಬುದರಲ್ಲಿ. ಮೂರನೆಯದಾಗಿ, ಆಕೆಯ ಸಂಗೀತವಿವೇಕವನ್ನು ಅಟ್ಲಾಂಟಿಕ್ ಸಂಸ್ಥೆಯೇ ಬೇರೆ ವಿಷಯದಲ್ಲಿ ಮನ್ನಿಸಿದ್ದಿತು. ಲಂಡನ್ನಿನಲ್ಲಿ ತನ್ನ ಹಿನ್ನೆಲೆಯಲ್ಲಿ ನುಡಿಸಿದ್ದ ಜಾನ್ ಪಾಲ್ ಜೋನ್ಸ್ ಸೇರಿದ್ದ ‘ಲೆಡ್ ಜೆಪ್ಲಿನ್’ ಎಂಬ ಹೊಸ ಮೇಳವನ್ನು ವೆಕ್ಸ್ಲರನಿಗೆ ಶಿಫಾರಸುಮಾಡಿದವರಲ್ಲಿ ಡಸ್ಟಿಯೂ ಒಬ್ಬಳು. ಸಂಸ್ಥೆಯು ೧೯೬೮ರಲ್ಲಿಯೇ ಆ ಮೇಳವನ್ನು ಸೇರಿಸಿಕೊಂಡು ಅಪಾರ ಲಾಭವನ್ನು ಪಡೆಯಿತು.

ಹೀಗೆಂದ ಮಾತ್ರಕ್ಕೆ ಗಾಯಕಿಯ ನಿರ್ಣಯಗಳೆಲ್ಲ ಸರಿಯಾಗಿದ್ದವೆಂದು ಸಾಧಿಸಿದಂತಾಗುವುದಿಲ್ಲ. ಎಡೆಗಳನ್ನು ತುಂಬಬೇಕೆಂಬ ಆಕೆಯ ಆಸೆಯು ಅಲ್ಲಿ ನೆರವೇರಿದ್ದರೆ ಕೃತಿಯು ಕೆಡುತ್ತಿದ್ದಿತೆಂದು ಆಕೆಯ ಮಾತಿನಿಂದಲೇ ಊಹಿಸಬಹುದು. ಮೆಂಫಿಸಿನವರು ಬಿಟ್ಟ ಬಯಲೂ ಆಕೆಯ ಕಂಠದ ನಿಧಾನವೂ ಒಂದನ್ನೊಂದು ತಿದ್ದಿದುವೆನ್ನುವುದೇ ಯುಕ್ತ.

೫. ಕೃತಿಯ ಸ್ವರೂಪ

೧೧ ಗೀತಗಳ ಕರ್ತೃಗಳನ್ನು ಲೆಕ್ಕಹಾಕಿದರೆ ಹೆಸರಿನ ವಿಷಯವು ಇನ್ನೂ ವಿಶದವಾಗುವುದು. ಗೆರಿ ಗಾಫಿನ್ ಮತ್ತು ಕೆರಲ್ ಕಿಂಗ್ ದಂಪತಿಗಳಾಗಿದ್ದಾಗ ಜೊತೆಗೂಡಿ ಹಾಡು ಕಟ್ಟುತ್ತಿದ್ದವರು, ಅವರವು ೪. ರ‍್ಯಾಂಡಿ ನ್ಯೂಮನ್ನನವು ೨. ಬ್ಯಾರಿ ಮ್ಯಾನ್ ಮತ್ತು ಸಿಂಥಿಯಾ ವೈಲ್, ಬರ್ಟ್ ಬಾಕರಾಕ್ ಮತ್ತು ಹಾಲ್ ಡೇವಿಡ್ ಈ ಜೋಡಿಗಳದು ಒಂದೊಂದು. ಫ್ರಾನ್ಸಿನ ಮಿಶೆಲ್ ಲೆಗ್ರಾಂ ಸ್ವರ ಹಾಕಿ ಬರ್ಗ್‌ಮನ್ ದಂಪತಿಗಳು ಇಂಗ್ಲಿಷಿನಲ್ಲಿ ಬರೆದ ಚಲಚ್ಚಿತ್ರಗೀತವೊಂದು. ಈ ೯ ಗೀತಗಳ ಕರ್ತೃಗಳೂ ನ್ಯೂಯಾರ್ಕ್ ಮತ್ತು ಲಾಸ್ ಏಂಜಲೀಸ್ ನಗರಗಳ ವೃತ್ತಿರಚನಕಾರರ ವಲಯದವರು. ದಕ್ಷಿಣದ ರಾಜ್ಯಗಳ ಸಂಗೀತವಲಯಕ್ಕೆ ಸೇರಿದವು ಉಳಿದ ೨ ಮಾತ್ರ: ಜಾನ್ ಹರ್ಲಿ ಮತ್ತು ರಾನಿ ವಿಲ್ಕಿನ್ಸ್ ಬರೆದ ‘ಸನ್ ಆಫ್ ಎ ಪ್ರೀಚರ್ ಮ್ಯಾನ್’, ಎಡ್ಡಿ ಹಿಂಟನ್ ಮತ್ತು ಡಾನಿ ಫ್ರಿಟ್ಸ್ ಬರೆದ ‘ಬ್ರೇಕ್‌ಫಾಸ್ಟ್ ಇನ್ ಬೆಡ್’. ಎರಡನೆಯದರ ಪಲ್ಲವಿಯಲ್ಲಿ ಡಸ್ಟಿಯ ೧೯೬೬ರ ಪ್ರಸಿದ್ಧ ಗೀತದ ಶೀರ್ಷಿಕೆಯೇ ಸೇರಿಕೊಂಡಿರುವುದು ಗಮನಾರ್ಹ.

ಆದುದರಿಂದ ಸಾಹಿತ್ಯವೂ ಸ್ವರವೂ ಹೆಚ್ಚಾಗಿ ಮೆಂಫಿಸಿನವಲ್ಲ; ನಿರ್ಮಾಪಕರು ಅಲ್ಲಿಯವರಲ್ಲ; ಕಂಠವು ಅಲ್ಲಿ ಗ್ರಹಿಸಲ್ಪಟ್ಟುದಲ್ಲ. ಮೆಂಫಿಸಿನದು ತಾಳವಾದ್ಯಗಳ ತಳಹದಿ ಮಾತ್ರ. ಆದರೆ ಆ ತಳಹದಿಯೇ ಕೃತಿಯ ನಡೆಯನ್ನು ನಿರ್ಣಯಿಸಿತು. ‘ಪ್ರೀಚರ್ ಮ್ಯಾನ್’ ಗೀತವನ್ನು ಆರಂಭಿಸುವ ರೆಜಿ ಯಂಗನ ಗಿಟಾರ್ ನಾಲ್ಕು ಸ್ವರಗಳಲ್ಲಿಯೇ ಹಾಡಿನ ಚಲನೆಯನ್ನು ತಿಳಿಸಿ ಹಿಂದೆ ಸರಿಯುವುದು. ಬೇಸ್ ಗಿಟಾರ್ ಎಡೆಯಿದ್ದಲ್ಲಿ ಮಾತ್ರ ಮಾತನಾಡುವುದು. ಮಾರ್ಡಿನ್ನನ ತಂತಿವಾದ್ಯಗಳೂ ‘ಸ್ವೀಟ್ ಇನ್‌ಸ್ಪಿರೇಷನ್ಸ್’ ಎಂಬ ಕಪ್ಪು ಗಾಯಕಿಯರ ಹಿಮ್ಮೇಳವೂ ಆ ತಳಹದಿಯನ್ನು ಮುಚ್ಚದೆ ಮೇಲೆ ನಿಲ್ಲುವುವು. ಇದೆಲ್ಲದರ ನಡುವೆ ಡಸ್ಟಿಯ ಕಂಠವು ಗಟ್ಟಿಯಾಗಿ ಮೊರೆಯಿಡದೆ, ಉಸಿರಿನ ಸದ್ದು ಕೇಳುವಷ್ಟು ಹತ್ತಿರದಿಂದ, ಮಾತಿಗೂ ಹಾಡಿಗೂ ನಡುವಣ ಮಟ್ಟದಲ್ಲಿ ಸಾಗುವುದು. ಅರೀತಾಳಂತೆ ಹಾಡಲಾರೆನೆಂದು ನೊಂದವಳು ಕೊನೆಗೆ ಆಕೆಯಂತೆ ಹಾಡಲಿಲ್ಲ. ಅದರಿಂದಲೇ ಈ ಕೃತಿಗೆ ತನ್ನದಾದ ಸ್ಥಾನವು ದೊರೆಯಿತು. ‘ಪ್ರೀಚರ್ ಮ್ಯಾನ್’ ಮೊದಲು ಅರೀತಾಳಿಗಾಗಿ ಉದ್ದೇಶಿಸಿದ್ದ ಗೀತ. ಆಗ ಬೇಡವೆಂದಿದ್ದ ಆಕೆ, ಡಸ್ಟಿಯ ತಟ್ಟೆ ಬಂದಮೇಲೆ ತಾನೂ ಹಾಡಿದಳು. ಅದು ೧೯೭೦ರ ಆಕೆಯ ಧ್ವನಿಮುದ್ರಿಕೆಯಲ್ಲಿದೆ.

ಗ್ರಹಣವು ಎರಡು ಊರುಗಳಲ್ಲಿ ನಡೆದುದು ಕೃತಿಯ ಲೋಪವೆಂದು ಎಣಿಸಬೇಕಾಗಿಲ್ಲ. ಬಹುಪಥದ ಟೇಪು ಬಂದಮೇಲೆ ವಾದ್ಯವನ್ನು ಒಂದೆಡೆ, ಕಂಠವನ್ನು ಮತ್ತೊಂದೆಡೆ ಗ್ರಹಿಸಿ ಜೋಡಿಸುವುದು ಸಾಧ್ಯವಾಯಿತು. ೧೯೬೭ರಲ್ಲಿ ಅರೀತಾಳ ಮೊದಲ ಅಟ್ಲಾಂಟಿಕ್ ಕೃತಿಯೂ ಅಲಬಾಮದಲ್ಲಿ ಆರಂಭವಾಗಿ ನ್ಯೂಯಾರ್ಕಿನಲ್ಲಿ ಮುಗಿದಿದ್ದಿತು.

೬. ಸ್ವೀಕಾರ

‘ಪ್ರೀಚರ್ ಮ್ಯಾನ್’ ಬಿಡಿ ತಟ್ಟೆಯಾಗಿ ೧೯೬೮ರ ಕೊನೆಯಲ್ಲಿ ಹೊರಬಂದು ಬ್ರಿಟನ್ನಿನಲ್ಲಿ ೯ನೆಯ, ಅಮೆರಿಕದಲ್ಲಿ ೧೦ನೆಯ ಸ್ಥಾನಕ್ಕೇರಿತು. ಇಷ್ಟಾದರೂ ಪೂರ್ಣ ಧ್ವನಿಮುದ್ರಿಕೆಯು ಅಮೆರಿಕದ ಪಟ್ಟಿಯಲ್ಲಿ ೯೯ನೆಯ ಸ್ಥಾನವನ್ನು ದಾಟಲಿಲ್ಲ. ಬ್ರಿಟನ್ನಿನ ಪಟ್ಟಿಯಲ್ಲಿ ಅದರ ಹೆಸರೇ ಬರಲಿಲ್ಲ. ವಿಮರ್ಶಕರು ಅದನ್ನು ಕಾಣದೆ ಹೋದರೆಂದು ಹೇಳಲಾಗದು. ೧೯೬೯ರಲ್ಲಿಯೇ ‘ರೋಲಿಂಗ್ ಸ್ಟೋನ್’ ಪತ್ರಿಕೆಯಲ್ಲಿ ಗ್ರೀಲ್ ಮಾರ್ಕಸ್ ಇದನ್ನು ಮನಸಾರ ಮೆಚ್ಚಿ ಬರೆದಿರುವನು. ಆದರೆ ಆ ಪತ್ರಿಕೆಯನ್ನು ಓದುತ್ತಿದ್ದ ತರುಣರು ಸ್ವಯಂ ಹಾಡುಕಟ್ಟಿ ನುಡಿಸುವ ರಾಕ್ ಮೇಳಗಳ ಮುದ್ರಿಕೆಗಳನ್ನು ಕೊಳ್ಳುತ್ತಿದ್ದರು. ಪರರ ಗೀತಗಳನ್ನು ಹಾಡುವ ಗಾಯಕಿಯ ಬಿಡಿ ತಟ್ಟೆಯು ಅವರಿಗೆ ಸಾಕೆನಿಸಿರಬೇಕು.

ಇದರೊಡನೆ ಹೋಲಿಸತಕ್ಕ ಒಂದು ಸಂಗತಿಯುಂಟು. ಡಸ್ಟಿ ಹೋದ ನಾಲ್ಕು ತಿಂಗಳಿಗೆ, ೧೯೬೯ರ ಜನವರಿ-ಫೆಬ್ರವರಿಗಳಲ್ಲಿ, ಎಲ್ವಿಸ್ ಪ್ರೆಸ್ಲಿಯು ಅದೇ ಸ್ಟುಡಿಯೋದಲ್ಲಿ ಅದೇ ವಾದ್ಯಗಾರರೊಡನೆ ಹಾಡಿದನು. ಅದರ ಫಲವಾಗಿ ಬಂದ ‘ಫ್ರಮ್ ಎಲ್ವಿಸ್ ಇನ್ ಮೆಂಫಿಸ್’ ಬ್ರಿಟನ್ನಿನಲ್ಲಿ ಪ್ರಥಮಸ್ಥಾನವನ್ನು ಪಡೆಯಿತು. ಆತನು ಮೆಂಫಿಸಿನ ನಿವಾಸಿ. ಊರಿಗೆ ಹಿಂತಿರುಗಿದ ಮಗನೆಂದು ಜನರು ಕಂಡರು. ಒಂದೇ ಊರಿನ ಹೆಸರು ಒಬ್ಬನಿಗೆ ಮನೆಯ ಗುರುತಾಯಿತು, ಇನ್ನೊಬ್ಬಳಿಗೆ ಯಾತ್ರೆಯ ಗುರುತಾಗಿಯೇ ಉಳಿಯಿತು.

ಡಸ್ಟಿಯು ಮುಂದಿನ ಕೃತಿಯನ್ನು ಫಿಲಡೆಲ್ಫಿಯದಲ್ಲಿ ರಚಿಸಿದಳು. ಅನಂತರದ ವರ್ಷಗಳಲ್ಲಿ ಆಕೆಯ ಕೀರ್ತಿಯು ಇಳಿಮುಖವಾಯಿತು. ೧೯೮೭ರಲ್ಲಿ ‘ಪೆಟ್ ಶಾಪ್ ಬಾಯ್ಸ್’ ಎಂಬ ಇಂಗ್ಲಿಷ್ ಜೋಡಿಯು ಆಕೆಯನ್ನು ಕರೆದು ಹಾಡಿಸಿದ ತಟ್ಟೆಯು ಬ್ರಿಟನ್ ಮತ್ತು ಅಮೆರಿಕ ಎರಡರಲ್ಲಿಯೂ ೨ನೆಯ ಸ್ಥಾನಕ್ಕೇರಿತು. ೧೯೯೪ರ ‘ಪಲ್ಪ್ ಫಿಕ್ಷನ್’ ಎಂಬ ಚಲಚ್ಚಿತ್ರದಲ್ಲಿ ‘ಪ್ರೀಚರ್ ಮ್ಯಾನ್’ ಕೇಳಿಬಂದು ಹೊಸ ತಲೆಮಾರಿಗೆ ಆಕೆಯ ಕಂಠವು ಪರಿಚಯವಾಯಿತು. ೧೯೯೯ನೆಯ ಮಾರ್ಚ್ ೨ರಂದು ಆಕೆ ಸ್ತನದ ಕ್ಯಾನ್ಸರಿನಿಂದ ತೀರಿಕೊಂಡಳು. ‘ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್’ ಎಂಬ ಕೀರ್ತಿಸಭೆಯು ಆಕೆಯನ್ನು ಸೇರಿಸಿಕೊಂಡ ಸಮಾರಂಭವು ನಡೆದುದು ಅದೇ ತಿಂಗಳ ೧೫ರಂದು. ೨೦೦೧ರಲ್ಲಿ ಈ ಧ್ವನಿಮುದ್ರಿಕೆಯು ಗ್ರ್ಯಾಮಿ ಕೀರ್ತಿಸಭೆಗೆ ಸೇರಿತು. ೨೦೦೩ರಲ್ಲಿ ‘ರೋಲಿಂಗ್ ಸ್ಟೋನ್’ ಪ್ರಕಟಿಸಿದ ೫೦೦ ಶ್ರೇಷ್ಠ ಧ್ವನಿಮುದ್ರಿಕೆಗಳ ಪಟ್ಟಿಯಲ್ಲಿ ಇದು ೮೯ನೆಯದು. ೨೦೨೦ರಲ್ಲಿ ಅಮೆರಿಕದ ರಾಷ್ಟ್ರೀಯ ಧ್ವನಿಮುದ್ರಣ ದಾಖಲೆಯಲ್ಲಿ, ದೇಶವು ಕಾಪಾಡಿಕೊಳ್ಳಬೇಕಾದ ಕೃತಿಗಳ ಸಾಲಿನಲ್ಲಿ, ಇದನ್ನು ಸೇರಿಸಲಾಯಿತು.

ಆಲಂಕಾರಿಕರು ಕಾವ್ಯದ ಸಿದ್ಧಿಗೆ ಕವಿಯಷ್ಟೇ ಸಹೃದಯನೂ ಬೇಕೆಂದು ಹೇಳಿರುವರು. ಕವಿಯೂ ಸಹೃದಯನೂ ಒಂದೇ ಕಾಲದಲ್ಲಿ ಇರಬೇಕೆಂಬ ನಿಯಮವನ್ನು ಮಾತ್ರ ಯಾರೂ ವಿಧಿಸಿಲ್ಲ. ೧೯೬೯ರಲ್ಲಿ ಈ ಕೃತಿಗೆ ಮೆಚ್ಚಿದವರಿದ್ದರು, ಕೊಳ್ಳುವವರು ವಿರಳವಾಗಿದ್ದರು. ಪಟ್ಟಿಗಳ ಸ್ಪರ್ಧೆಯು ಮರೆತುಹೋದಮೇಲೆ ಕೃತಿಯು ಕಿವಿಗೊಟ್ಟು ಕೇಳುವವರನ್ನು ಪಡೆಯಿತು.

೭. ಉಪಸಂಹಾರ

ಮೇಲಿನ ವಿಚಾರದಿಂದ ಸಿದ್ಧಿಸುವುದಿಷ್ಟು. ‘ಮೆಂಫಿಸಿನಲ್ಲಿ’ ಎಂಬ ಶೀರ್ಷಿಕೆಯು ಕಂಠದ ವಿಷಯದಲ್ಲಿ ಯಥಾರ್ಥವಲ್ಲ. ವಾದನದ ವಿಷಯದಲ್ಲಿ ಯಥಾರ್ಥ. ಗಾಯಕಿಯ ವಿಷಯದಲ್ಲಿ ಅದಕ್ಕೆ ಇನ್ನೊಂದು ಅರ್ಥವನ್ನೂ ಹೇಳಬಹುದು. ಆಕೆ ಅಲ್ಲಿ ಹಾಡದಿದ್ದರೂ ಅಲ್ಲಿ ಕೇಳಿದಳು. ತನಗೆ ಅಪರಿಚಿತವಾದ ಬಯಲನ್ನು, ಆಗ ಅರ್ಥವಾಗದಿದ್ದರೂ, ಕಿವಿಯಲ್ಲಿ ಹೊತ್ತು ನ್ಯೂಯಾರ್ಕಿಗೆ ಹೋಗಿ ಅದರೊಳಗೆ ಹಾಡಿದಳು. ಕೃತಿಯ ಕೀರ್ತಿಯು ಬೆಳೆದಂತೆಲ್ಲ ಅಳುಕಿದ ಗಾಯಕಿಯ ಕಥೆಯೂ ಅದರ ಜೊತೆಯಲ್ಲಿಯೇ ಬೆಳೆದು ಬಂದಿದೆ. ಕೃತಿಗೆ ಸಲ್ಲಬೇಕಾದ ಗೌರವವು ತಡವಾಗಿಯಾದರೂ ಸಂದಿತು. ಕರ್ತೃವಿಗೆ ಸಲ್ಲಬೇಕಾದುದು ಇನ್ನೂ ಪೂರ್ತಿಯಾಗಿ ಸಂದಿಲ್ಲ. ಮೆಂಫಿಸಿನಲ್ಲಿ ಆಕೆಯ ಮೌನವನ್ನು ಆಕೆಯ ದೌರ್ಬಲ್ಯವೆಂದು ಬರೆಯುವ ಬದಲು, ತನ್ನ ಕಸುಬಿನ ಕ್ರಮವನ್ನು ಬಲ್ಲವಳೊಬ್ಬಳು ಹೊಸ ಕ್ರಮದ ಮುಂದೆ ತೆಗೆದುಕೊಂಡ ಅವಕಾಶವೆಂದು ಬರೆಯುವುದು ಸಾಕ್ಷ್ಯಗಳಿಗೆ ಹೆಚ್ಚು ಒಪ್ಪುವುದು.